ಹರಿಹರ ಊರಿಗೆ ಆ ಹೆಸರು ವಿಜಯನಗರದ ರಾಜನಿಂದ ಬಂತಾ?

ದಾವಣಗೆರೆ ಪಕ್ಕದ ಹರಿಹರಕ್ಕೆ ವಿಜಯನಗರ ಕಟ್ಟಿದ ಹರಿಹರ ರಾಯನ ಹೆಸರಿಟ್ಟರಾ ಅಂತ ಕೇಳಿದ್ದೀರಿ. ಇಲ್ಲ, ಅದು ದೇವರ ಹೆಸರು. ನಾನು ದಾವಣಗೆರೆಯವನು, ಅಜ್ಜಿಯ ಊರು ಹರಿಹರ. ಹಾಗಾಗಿ ಈ ಪ್ರಶ್ನೆ ನೋಡಿ ಸುಮ್ನೆ ಹೋಗೋಕೆ ಆಗಲಿಲ್ಲ.

ಇಸವಿ ನೋಡಿದರೆ ಸಾಕು. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ವಿಜಯನಗರ ಶುರುವಾಗಿದ್ದು 1336ರಲ್ಲಿ. ಊರಿಗೆ ಕೂಡಲೂರು ಅನ್ನೋ ಹಳೆಯ ಹೆಸರೂ ಇದೆ. ಹರಿದ್ರಾ ಹಳ್ಳ ತುಂಗಭದ್ರೆಗೆ ಕೂಡುವುದು ಇಲ್ಲೇ ಅಲ್ವಾ.

ದೇವಸ್ಥಾನದ ಮಂಟಪದ ಸುತ್ತ ಕಲ್ಲಿನ ಜಗಲಿ ಇದೆ. ಅಲ್ಲಿ ಕೂರಿಸಿಕೊಂಡು ಅಜ್ಜಿ ಕಥೆ ಹೇಳುತ್ತಿದ್ದಳು. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ಬ್ರಹ್ಮನ ವರ. ಅವನ ಕಾಟ ಜಾಸ್ತಿಯಾದಾಗ ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರು. "ಹಾಗಾದ್ರೆ ಕೊಂದಿದ್ದು ಯಾರಜ್ಜಿ?" ಅಂತ ಪ್ರತಿ ಸಲ ಕೇಳುತ್ತಿದ್ದೆ. "ಹರಿಯೂ ಅಲ್ಲ, ಹರನೂ ಅಲ್ಲ ಕಣಪ್ಪ, ಹರಿಹರ" ಅನ್ನುತ್ತಿದ್ದಳು. ವರವೂ ಸುಳ್ಳಾಗಲಿಲ್ಲ, ರಾಕ್ಷಸನೂ ಉಳಿಯಲಿಲ್ಲ. ಆ ಜಾಣತನ ನನಗೆ ಇವತ್ತಿಗೂ ಇಷ್ಟ.

ಈ ರೂಪ ಮಾತ್ರ ನಮ್ಮ ದೇವಸ್ಥಾನಕ್ಕಿಂತ ತುಂಬಾ ಹಳೆಯದು. ಬಾದಾಮಿಯ ಮೊದಲನೇ ಗುಹೆಯಲ್ಲಿ ಆಳೆತ್ತರ ಮೀರಿದ ಹರಿಹರನಿದ್ದಾನೆ, ಅದು 6ನೇ ಶತಮಾನದ್ದು. ಸಮುದ್ರ ದಾಟಿಯೂ ಹೋಗಿದೆ. ಕಾಂಬೋಡಿಯಾದಲ್ಲಿ ಅಂಕೋರ್‌ಗಿಂತ ಮುಂಚಿನ ರಾಜಧಾನಿಯ ಹೆಸರೇ ಹರಿಹರಾಲಯ! ಮೊದಲ ಸಲ ಓದಿದಾಗ ಅಜ್ಜಿ ಇದ್ದಿದ್ದರೆ ಹೇಳಬಹುದಿತ್ತು ಅನಿಸಿತು.

ಮನುಷ್ಯರಿಗೆ ಬಂದರೆ, ಹಂಪೆಯ ಕವಿ ಹರಿಹರನೂ ವಿಜಯನಗರಕ್ಕಿಂತ ಹಿಂದಿನವನು. ಹೆಸರಲ್ಲಿ ಇಬ್ಬರು ದೇವರಿದ್ದರೂ ಅವನು ಹಾಡಿದ್ದು ಶಿವನನ್ನು, ಶಿವಶರಣರನ್ನು. ರಾಜರ ಕಥೆ ಬಿಟ್ಟು ಭಕ್ತರ ಬದುಕನ್ನು ರಗಳೆಯಲ್ಲಿ ತಂದ. ನನ್ನ ಕೇಳಿದರೆ ಈ ಹೆಸರಿನವರಲ್ಲಿ ಅವನೇ ದೊಡ್ಡವನು. ವಿಜಯನಗರದಲ್ಲಂತೂ ಇಬ್ಬರು ಹರಿಹರರು ಆಳಿದರು. ಮೊದಲನೆಯವನು 1346ರಲ್ಲಿ ತಮ್ಮಂದಿರ ಜೊತೆ ಶೃಂಗೇರಿಗೆ ಹೋಗಿ ಮಠಕ್ಕೆ ದತ್ತಿ ಬಿಟ್ಟ.

ದಾವಣಗೆರೆಗೆ ಬಂದರೆ ಹರಿಹರಕ್ಕೂ ಹೋಗಿ, ಬಸ್ಸು ಬೇಕಾದಷ್ಟಿವೆ. ಕಡೆದು ನುಣುಪು ಮಾಡಿದ ಕಂಬಗಳಲ್ಲಿ ಮುಖ ಕಾಣುತ್ತದೆ. ಗರ್ಭಗುಡಿ ಮುಂದೆ ನಿಂತಾಗ ಅವಸರ ಮಾಡಬೇಡಿ. ನಿಮ್ಮ ಎಡಕ್ಕೆ ಕಾಣುವ ಅರ್ಧ ಹರ, ಬಲಕ್ಕೆ ಕಾಣುವ ಅರ್ಧ ಹರಿ. ಅಲಂಕಾರ ಜಾಸ್ತಿ ಇದ್ದರೆ ಗೊತ್ತಾಗುವುದಿಲ್ಲ. ಅರ್ಚಕರನ್ನು ಕೇಳಿ, ಆರತಿ ಬೆಳಕಲ್ಲಿ ತೋರಿಸುತ್ತಾರೆ.