ಆ್ಯಪ್ ಮಾಡಿಕೊಡುವ ಪಾಲುದಾರ ಸಿಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವನು. ಬಿ.ಕಾಂ. ಮುಗಿಸಿ ಎಂಟು ವರ್ಷ ಅಡಿಕೆ ವ್ಯಾಪಾರಸ್ಥರ ಬಳಿ ಲೆಕ್ಕ ಬರೆದಿದ್ದೇನೆ. ಮನೆಯಲ್ಲಿ ಎರಡು ಎಕರೆ ತೋಟವಿದೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರನ್ನೂ ಔಷಧಿ ಹೊಡೆಯುವವರನ್ನೂ ಬೆಳೆಗಾರರಿಗೆ ಹೊಂದಿಸಿಕೊಡುವ ಆ್ಯಪ್ ಮಾಡಬೇಕೆಂಬುದು ನನ್ನ ಯೋಜನೆ. ಕೋಡ್ ಬರೆಯಬಲ್ಲ ಪಾಲುದಾರ, ಅಂದರೆ ಟೆಕ್ನಿಕಲ್ ಕೋ-ಫೌಂಡರ್ ಹುಡುಕುತ್ತಾ ಒಂದೂವರೆ ವರ್ಷ ಕಳೆಯಿತು. ಒಂದು ಏಜೆನ್ಸಿ ಆರು ಲಕ್ಷ ಕೇಳಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನೆಂಟರ ಹುಡುಗ ಬರುತ್ತೇನೆ ಎನ್ನುತ್ತಾನೆ, ಆದರೆ ಅರ್ಧ ಪಾಲು ಬೇಕಂತೆ, ಕೆಲಸ ಮಾತ್ರ ಬಿಡುವುದಿಲ್ಲವಂತೆ. ಯಾವುದು ಸರಿ ಸರ್?
— ಹೆಸರು ಬೇಡ, ಶಿರಸಿ

ಉತ್ತರ: ಉತ್ತರಕ್ಕೆ ಮೊದಲು ನನ್ನದೊಂದು ಪ್ರಶ್ನೆ. ಹೋದ ಕೊಯ್ಲಿನಲ್ಲಿ ನೀವೇ ಫೋನ್ ಮಾಡಿ ಎಷ್ಟು ತೋಟಗಳಿಗೆ ಕೊನೆಗಾರರನ್ನು ಕಳಿಸಿಕೊಟ್ಟಿದ್ದೀರಿ? ಪತ್ರವನ್ನು ಎರಡು ಸಲ ಓದಿದೆ, ಆ ಸಂಖ್ಯೆ ಎಲ್ಲೂ ಇಲ್ಲ. ಒಂದೂ ಇಲ್ಲವೆಂದಾದರೆ ನಿಮಗೆ ಸದ್ಯಕ್ಕೆ ಬೇಕಿರುವುದು ಕೋ-ಫೌಂಡರ್ ಅಲ್ಲ, ಒಂದು ನೋಟ್‌ಬುಕ್ಕು.

ಸಿಟ್ಟಾಗಬೇಡಿ. ಕೊನೆಗಾರನ ದಿನವನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. ಬೆಳಿಗ್ಗೆ ಮರ ಹತ್ತಿದವನು ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡೇ ದಾಟುತ್ತಾನೆ. ಅವನ ಫೋನು ಕೆಳಗೆ ಕಳಚಿಟ್ಟ ಅಂಗಿಯ ಜೇಬಿನಲ್ಲಿರುತ್ತದೆ, ಎಷ್ಟೋ ತೋಟಗಳಲ್ಲಿ ಸಿಗ್ನಲ್ಲೂ ಇರುವುದಿಲ್ಲ. ಅವನಿಗೆ ಖಾಯಂ ಮನೆಗಳಿವೆ. ಅಪ್ಪನ ಕಾಲದಿಂದ ಹೋಗುವ ಮನೆಯನ್ನು ಬಿಟ್ಟು, ಆ್ಯಪ್ ತೋರಿಸಿತೆಂದು ಬೇರೆ ತೋಟಕ್ಕೆ ಹೋಗುತ್ತಾನೆಯೇ? ಹೋಗುವುದಾದರೆ ಯಾವ ದರಕ್ಕೆ? ಕೆಳಗೆ ಹಗ್ಗ ಹಿಡಿಯುವವನನ್ನು ಕರೆತರುವುದು ಅವನೋ, ತೋಟದ ಯಜಮಾನರೋ? ಮಳೆ ಬಂದು ಕೆಲಸ ಮುಂದಕ್ಕೆ ಹೋದರೆ ಮರುದಿನದ ಸರದಿ ಯಾರದು? ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊಯ್ಯುವ ಹುಡುಗರು ಈಗ ಬರುತ್ತಿದ್ದಾರೆ, ಅವರನ್ನೂ ಇದೇ ಪಟ್ಟಿಗೆ ಸೇರಿಸುತ್ತೀರಾ? ಇವಕ್ಕೆ ಉತ್ತರವಿಲ್ಲದೆ ಆರು ಲಕ್ಷ ಕೊಟ್ಟರೆ ಏಜೆನ್ಸಿಯವರು ಪಾಪ, ನೀವು ಹೇಳಿದ್ದನ್ನೇ ಮಾಡಿಕೊಡುತ್ತಾರೆ. ಮುಂದಿನ ಕೊಯ್ಲಿಗೆ ಅದು ಬೇಕಾದದ್ದಲ್ಲವೆಂದು ಗೊತ್ತಾಗುತ್ತದೆ, ಬದಲಾಯಿಸಲು ಮತ್ತೆ ದುಡ್ಡು.

ಆದ್ದರಿಂದ ಒಂದು ಹಂಗಾಮನ್ನು ಆ್ಯಪ್ ಇಲ್ಲದೆ ನಡೆಸಿ. ಹತ್ತು ಕೊನೆಗಾರರು, ನಲವತ್ತು ತೋಟ, ಒಂದು ವಾಟ್ಸ್‌ಆ್ಯಪ್ ನಂಬರು, ಒಂದು ಗೂಗಲ್ ಶೀಟ್. ಇನ್ನೂ ಸುಲಭದ ಆರಂಭ ಬೇಕಿದ್ದರೆ ಔಷಧಿ ಹೊಡೆಯುವುದರಿಂದ ಶುರುಮಾಡಿ. ಮುಂಗಾರು ಹಿಡಿಯುವ ಮುಂಚೆ ಮೊದಲ ಸಲ, ಮೂವತ್ತು–ನಲವತ್ತೈದು ದಿನ ಬಿಟ್ಟು ಎರಡನೇ ಸಲ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆ ರೋಗ ಗ್ಯಾರಂಟಿ ಎಂದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಅದೇ ಹದಿನೈದು ದಿನದಲ್ಲಿ ಜನ ಬೇಕು. ಯಾರು ಕರೆದರು, ಯಾರು ಬಂದರು, ಯಾರು ಕೈಕೊಟ್ಟರು, ಮುಂಗಡ ಎಷ್ಟು, ನಿಮಗೆ ಉಳಿದದ್ದೆಷ್ಟು, ಎಲ್ಲ ಬರೆದಿಡಿ. ಎಂಟು ವರ್ಷ ಲೆಕ್ಕ ಬರೆದ ಕೈಗೆ ಇದೇನು ಮಹಾ?

ಇದನ್ನು ಹೇಳುವುದಕ್ಕೆ ಕಾರಣವಿದೆ. ಒಳ್ಳೆಯ ಎಂಜಿನಿಯರನ ಬಳಿ ‘ಐಡಿಯಾ ಇದೆ, ನೀವು ಮಾಡಿಕೊಡಿ’ ಎನ್ನುವವರು ವಾರಕ್ಕೊಬ್ಬರು ಬರುತ್ತಾರೆ. ‘ನಲವತ್ತು ತೋಟ ನಡೆಸಿದೆ, ಅಕ್ಕಪಕ್ಕದ ತೋಟಗಳನ್ನು ಒಂದೇ ದಿನಕ್ಕೆ ಹೊಂದಿಸಲು ನನ್ನ ಶೀಟ್‌ನಲ್ಲಿ ಆಗುತ್ತಿಲ್ಲ, ಮಳೆ ಬಂದರೆ ಇಡೀ ಪಟ್ಟಿ ಬುಡಮೇಲಾಗುತ್ತದೆ’ ಎಂದು ಬರುವವರು ವರ್ಷಕ್ಕೊಬ್ಬರು. ಎರಡನೆಯ ಮಾತು ಕೇಳಿದ ಎಂಜಿನಿಯರು ಕುರ್ಚಿ ಎಳೆದುಕೊಂಡು ಕೂರುತ್ತಾನೆ.

ಬೆಂಗಳೂರಿನದೇ ಎರಡು ಉದಾಹರಣೆ ನೋಡಿ. ಷೇರು ದಲ್ಲಾಳಿ ಕಂಪನಿ ಝೆರೋಧಾ ಶುರುವಾದದ್ದು 2010ರಲ್ಲಿ. ಶಿವಮೊಗ್ಗದಲ್ಲಿ ಹುಟ್ಟಿದ ನಿತಿನ್ ಕಾಮತ್ ಷೇರು ವಹಿವಾಟು ಮಾಡುತ್ತಿದ್ದವರೇ ಹೊರತು ಪ್ರೋಗ್ರಾಮರ್ ಅಲ್ಲ. ತಾಂತ್ರಿಕ ತಂಡ ಕಟ್ಟಿದ ಕೈಲಾಶ್ ನಾಧ್ ಬಂದದ್ದು 2013ರಲ್ಲಿ, ಷೇರು ವಹಿವಾಟಿನ ಸ್ವಂತ ಸಾಫ್ಟ್‌ವೇರ್ ‘ಕೈಟ್’ ಬಂದದ್ದು 2015ರಲ್ಲಿ. ಅಲ್ಲಿಯವರೆಗೆ ಹೊರಗಿನವರ ಸಾಫ್ಟ್‌ವೇರ್ ಇಟ್ಟುಕೊಂಡೇ ವ್ಯವಹಾರ ನಡೆಯಿತು. ಬಸ್ ಟಿಕೆಟ್ ಮಾರುವ 2006ರ ರೆಡ್‌ಬಸ್ ಕಥೆ ಇನ್ನೊಂದು ಬಗೆಯದು. ಫಣೀಂದ್ರ ಸಾಮ ಮತ್ತು ಇಬ್ಬರು ಗೆಳೆಯರು ಎಂಜಿನಿಯರುಗಳೇ. ಬಸ್ ಮಾಲೀಕರಿಗೆಂದು ಸಾಫ್ಟ್‌ವೇರ್ ತಯಾರಿಸಿಕೊಂಡು ಹೋದರೆ ಮಾಲೀಕರಿಗೆ ಅದು ಬೇಡವಾಗಿತ್ತು. ಹಾಗಾದರೆ ಸೀಟು ಕೊಡಿ, ನಾವೇ ಮಾರಿಕೊಡುತ್ತೇವೆ ಎಂದು ದಾರಿ ಬದಲಿಸಿದರು. ಕೋಡ್ ಬರೆಯಬಲ್ಲವರಿಗೂ ಮಾರುಕಟ್ಟೆ ಬೀದಿಯಲ್ಲೇ ಪಾಠ ಹೇಳಿತು ನೋಡಿ.

ಈಗ ನೆಂಟರ ಹುಡುಗನ ವಿಷಯ. ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ತಿಂಗಳ ಸಂಬಳ, ಮನೆ ಸಾಲದ ಕಂತು, ಕೆಲಸ ಬಿಟ್ಟರೆ ಹೆಣ್ಣು ಕೊಡುವುದಿಲ್ಲವೆಂಬ ಹೆದರಿಕೆ ಎಲ್ಲ ನಿಜವೇ. ಅಮೆರಿಕದಲ್ಲಿ ಕಂಪನಿ ಮುಳುಗಿದವನಿಗೆ ಅದೊಂದು ಅನುಭವ. ನಮ್ಮಲ್ಲಿ ಅದು ಮದುವೆ ಮನೆಯಲ್ಲಿ ಪಿಸುಮಾತು. ಆದರೆ ಏನನ್ನೂ ಬಿಡದವನಿಗೆ ಅರ್ಧ ಪಾಲು ಕೊಡಬೇಡಿ. ಈಗ ಅವನು ಶನಿವಾರ–ಭಾನುವಾರ ಮಾಡುವ ಕೆಲಸಕ್ಕೆ ಸಂಭಾವನೆ ಕೊಡಿ, ಇಲ್ಲವೇ ಶೇ. 1–2ರಷ್ಟು ಪಾಲಿನ ಮಾತಾಡಿ. ರಾಜೀನಾಮೆ ಕೊಟ್ಟು ಬಂದ ದಿನದಿಂದ ದೊಡ್ಡ ಪಾಲಿನ ಲೆಕ್ಕ ಶುರುವಾಗಲಿ.

ಆ ದೊಡ್ಡ ಪಾಲೂ ಒಂದೇ ದಿನ ಕೈಸೇರಬಾರದು. ಸ್ಟಾರ್ಟಪ್‌ನವರು ಇದಕ್ಕೆ ವೆಸ್ಟಿಂಗ್ ಎನ್ನುತ್ತಾರೆ. ಪಾಲು ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೈಸೇರುತ್ತದೆ. ರೂಢಿಯಲ್ಲಿರುವುದು ನಾಲ್ಕು ವರ್ಷ, ಮೊದಲ ಒಂದು ವರ್ಷ ಕಾಯುವ ಅವಧಿ. ಅವನಿಗೆ ಶೇ. 40 ಎಂದು ಒಪ್ಪಿದಿರಿ ಎನ್ನಿ. ಹತ್ತನೇ ತಿಂಗಳಿಗೆ ಬಿಟ್ಟು ಹೋದರೆ ಅವನದೇನೂ ಇಲ್ಲ. ಹದಿನೆಂಟನೇ ತಿಂಗಳಿಗೆ ಹೋದರೆ ಶೇ. 15 ಅವನದು, ಉಳಿದ 25 ಮುಖಬೆಲೆಗೆ ವಾಪಸು. ಇದು ನಿಮಗೂ ಅನ್ವಯಿಸಬೇಕು. ನಿಮ್ಮ ಷೇರಿಗೂ ಇದೇ ಕಟ್ಟು ಹಾಕಿಕೊಂಡರೆ ಅವನಿಗೆ ಕೇಳುವ ಮಾತೇ ಉಳಿಯುವುದಿಲ್ಲ. ನೆಂಟಸ್ತಿಕೆಯ ನಡುವೆ ಇದನ್ನು ಮಾತಾಡುವುದು ಮುಜುಗರವೆಂದು ಗೊತ್ತು. ಈಗ ಮಾತಾಡದಿದ್ದರೆ ಮುಂದೆ ಎರಡು ಮನೆಯವರ ನಡುವೆ ಊಟದ ಪಂಕ್ತಿಯೇ ಬೇರೆಯಾಗುತ್ತದೆ.

ಈ ಷರತ್ತು ಬರೀ ಒಪ್ಪಂದ ಪತ್ರದಲ್ಲಿದ್ದರೆ ಸಾಲದು. ಕಂಪನಿಯ ಒಳನಿಯಮಗಳ ಪತ್ರವಾದ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲೂ ಬರೆಸಿ. ಷೇರು ವರ್ಗಾವಣೆಯ ನಿರ್ಬಂಧ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಅದು ಕಂಪನಿಯನ್ನು ಕಟ್ಟಿಹಾಕುವುದಿಲ್ಲವೆಂದು ಸುಪ್ರೀಂ ಕೋರ್ಟ್ ವಿ.ಬಿ. ರಂಗರಾಜ್ ಪ್ರಕರಣದಲ್ಲಿ ಹೇಳಿದೆ. ಕಂಪನಿ ನೋಂದಣಿ ಮಾಡಿಸುವಾಗ ಸಿಎ ಕಚೇರಿಯವರು ಸಿದ್ಧ ನಮೂನೆ ಹಚ್ಚಿ ಮುಗಿಸಿಬಿಡುತ್ತಾರೆ. ಕೇಳಿ ಬರೆಸಬೇಕಾದವರು ನೀವು. ಇನ್ನು ಸರಿಯಾಗಿ 50–50 ಅಂತೂ ಬೇಡ. ಇಬ್ಬರಿಗೂ ಭಿನ್ನಾಭಿಪ್ರಾಯ ಬಂದರೆ ತೀರ್ಮಾನಿಸುವವರೇ ಇರುವುದಿಲ್ಲ.

ಅತಿ ಹೆಚ್ಚು ಜನ ಎಡವುವುದು ಪಾಲಿನ ವಿಷಯದಲ್ಲಿ ಅಲ್ಲ, ಕೋಡ್ ಯಾರದು ಎಂಬಲ್ಲಿ. ದುಡ್ಡು ಕೊಟ್ಟವರದ್ದೇ ಕೋಡ್ ಎಂದು ಎಲ್ಲರೂ ತಿಳಿದಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಕಥೆ–ಕಾದಂಬರಿಯಂತೆ ಸಾಹಿತ್ಯ ಕೃತಿಯೇ, ಅದರ ಮೊದಲ ಒಡೆಯ ಬರೆದವನು. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಮಾತ್ರ ಒಡೆತನ ತಾನಾಗಿ ಮಾಲೀಕನಿಗೆ. ಏಜೆನ್ಸಿಯವರಾಗಲಿ, ವಾರಾಂತ್ಯದಲ್ಲಿ ಬರೆಯುವ ನೆಂಟರ ಹುಡುಗನಾಗಲಿ ನಿಮ್ಮ ನೌಕರರಲ್ಲ. ಅವರು ಲಿಖಿತವಾಗಿ, ಸಹಿ ಹಾಕಿ ವರ್ಗಾಯಿಸಿದರಷ್ಟೇ ಕಂಪನಿಯದು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಮಾತ್ರ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆಯ 19ನೇ ಸೆಕ್ಷನ್ ಭಾವಿಸಿಕೊಳ್ಳುತ್ತದೆ. ಒಂದು ವರ್ಷದೊಳಗೆ ಬಳಸದಿದ್ದರೆ ಹಕ್ಕು ತಪ್ಪಿಹೋಗುವ ಅಂಶವೂ ಅಲ್ಲಿದೆ. ಅದು ಅನ್ವಯಿಸದು ಎಂದು ಸ್ಪಷ್ಟವಾಗಿ ಬರೆಸಿ.

ಇದು ನಾನು ಓದಿ ತಿಳಿದದ್ದಲ್ಲ. ಹತ್ತು ವರ್ಷಕ್ಕೂ ಹಿಂದೆ ನಮ್ಮದೊಂದು ಪುಟ್ಟ ಕಂಪನಿಯಿತ್ತು. ಮೊದಲ ಏಳು ತಿಂಗಳ ಕೋಡ್ ಬರೆದ ಗೆಳೆಯ ಆಮೇಲೆ ಹೊರದೇಶಕ್ಕೆ ಹೋದ. ನಗುತ್ತಲೇ ಬೀಳ್ಕೊಟ್ಟೆವು. ಎರಡು ವರ್ಷದ ಮೇಲೆ ಹೂಡಿಕೆ ಮಾಡಲು ಬಂದವರ ವಕೀಲರು ಕೇಳಿದ ಮೊದಲ ಕಾಗದವೇ ಈ ವರ್ಗಾವಣೆ ಪತ್ರ. ನಮ್ಮ ಬಳಿ ಇರಲಿಲ್ಲ. ಗೆಳೆಯನೇನೂ ಇಲ್ಲ ಎನ್ನಲಿಲ್ಲ, ಆದರೆ ಅವನಿಗೆ ತನ್ನ ಹೊಸ ಕಂಪನಿಯವರನ್ನು ಕೇಳಬೇಕಿತ್ತು, ಯಾರೋ ವಕೀಲರಿಗೆ ತೋರಿಸಬೇಕಿತ್ತು. ಸಹಿ ಬರುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ಹೂಡಿಕೆದಾರರು ಅಷ್ಟು ಹೊತ್ತಿಗೆ ಬೇರೆಯವರ ಮನೆ ಬಾಗಿಲಲ್ಲಿದ್ದರು.

ಪತ್ರದ ಜೊತೆಗೆ ಬೀಗದ ಕೈಗಳೂ ನಿಮ್ಮಲ್ಲಿರಲಿ. ಡೊಮೇನ್ ಹೆಸರು, ಸರ್ವರ್ ಖಾತೆ, ಕೋಡ್ ಇಡುವ ಗಿಟ್‌ಹಬ್ ಖಾತೆ, ಗೂಗಲ್ ಪ್ಲೇ ಡೆವಲಪರ್ ಖಾತೆ ಎಲ್ಲವೂ ಕಂಪನಿಯ ಇಮೇಲ್‌ನಲ್ಲಿರಬೇಕು. ಪ್ಲೇ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು. ಅಷ್ಟು ಉಳಿಸಲು ಹೋಗಿ ‘ನನ್ನ ಖಾತೆಯಲ್ಲೇ ಹಾಕುತ್ತೇನೆ ಬಿಡಿ’ ಎಂದವರ ಕೈಗೆ ಗ್ರಾಹಕರನ್ನೆಲ್ಲ ಕೊಡಬೇಡಿ.

ಇಂಟರ್‌ನೆಟ್‌ನಲ್ಲಿ ಸಿಗುವ ಅಮೆರಿಕದ ಒಪ್ಪಂದ ಪತ್ರಗಳಲ್ಲಿ ‘ಬಿಟ್ಟು ಹೋದ ಮೇಲೆ ಎರಡು ವರ್ಷ ಇದೇ ವ್ಯವಹಾರ ಮಾಡುವಂತಿಲ್ಲ’ ಎಂಬ ಸಾಲಿರುತ್ತದೆ. ನಮ್ಮಲ್ಲಿ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟವನ ಮೇಲೆ ಅಂಥ ನಿರ್ಬಂಧ ನಿಲ್ಲುವುದಿಲ್ಲ. ಅದನ್ನು ನಂಬಿಕೊಂಡು ನಿದ್ದೆ ಮಾಡಬೇಡಿ.

ಹಾಗಾದರೆ ಎಂಜಿನಿಯರನ್ನು ಎಲ್ಲಿ ಹುಡುಕುವುದು ಎನ್ನುತ್ತೀರಾ? ಬೆಂಗಳೂರಿನ ಸ್ಟಾರ್ಟಪ್ ಮೇಳಗಳಲ್ಲಿ ನಿಮ್ಮಂಥವರೇ ನೂರು ಜನ ಸಿಗುತ್ತಾರೆ, ಎಲ್ಲರೂ ಎಂಜಿನಿಯರನ್ನೇ ಹುಡುಕುತ್ತಿರುತ್ತಾರೆ! ನಿಮ್ಮ ಗಣಿ ಬೇರೆ ಕಡೆ ಇದೆ. ಸೀಮೆಯ ಎಷ್ಟು ಮನೆಗಳಲ್ಲಿ ಮಗನೋ ಮಗಳೋ ಸಾಫ್ಟ್‌ವೇರ್‌ನಲ್ಲಿದ್ದಾರೆ, ಕೊಯ್ಲಿಗೆ, ದೀಪಾವಳಿಗೆ ಊರಿಗೆ ಬರುತ್ತಾರೆ, ಅಪ್ಪನಿಗೆ ಕೊನೆಗಾರ ಸಿಗದ ಸಂಕಟ ಕಣ್ಣಾರೆ ಕಂಡಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಬಂದು ಇಲ್ಲೇ ಉಳಿದವರೂ ಇದ್ದಾರೆ. ಹತ್ತು–ಹನ್ನೆರಡು ವರ್ಷ ಕೆಲಸ ಮಾಡಿ, ಊರಿಗೆ ಮರಳಲು ನೆಪ ಹುಡುಕುತ್ತಿರುವವರು ನಿಮಗೆ ಸರಿಯಾದವರು. ಹುಬ್ಬಳ್ಳಿಯಲ್ಲಿ ಹೊಸ ಉದ್ಯಮಗಳಿಗೆ ನೆರವಾಗುವ ದೇಶಪಾಂಡೆ ಸ್ಟಾರ್ಟಪ್ಸ್‌ಗೆ ಒಮ್ಮೆ ಹೋಗಿಬನ್ನಿ. ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಕೊನೆಯ ವರ್ಷದ ವಿದ್ಯಾರ್ಥಿಗಳಿಂದ ಪ್ರಾಜೆಕ್ಟ್ ಮಾಡಿಸಿ, ಆದರೆ ಅವರನ್ನೇ ಕೋ-ಫೌಂಡರ್ ಎಂದು ನೆಚ್ಚಬೇಡಿ. ಏಳನೇ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ನೇಮಕಾತಿ ಬಂದ ದಿನ ಅವರು ನಿಮ್ಮವರಾಗಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಸಿಕ್ಕವರನ್ನು ಪರೀಕ್ಷಿಸಲು ಕೋಡ್ ಬರಬೇಕಿಲ್ಲ. ಎರಡು ವಾರದ ಚಿಕ್ಕ ಕೆಲಸ ಕೊಡಿ, ದುಡ್ಡು ಕೊಟ್ಟೇ ಮಾಡಿಸಿ. ಒಂದು ದಿನ ತೋಟಕ್ಕೆ ಕರೆದುಕೊಂಡು ಹೋಗಿ. ಕೊನೆಗಾರನ ಫೋನು ಸ್ಮಾರ್ಟ್‌ಫೋನೋ ಕೀಪ್ಯಾಡೋ ಎಂದು ತಾನಾಗಿ ವಿಚಾರಿಸಿದರೆ, ‘ಇದಕ್ಕೆ ಆ್ಯಪ್ ಯಾಕೆ, ಫೋನ್ ಕರೆಯೇ ಸಾಕಲ್ಲ’ ಎಂದರೆ, ಅವರನ್ನು ಬಿಡಬೇಡಿ. ಉಂಬಳ (ಜಿಗಣೆ) ಹತ್ತಿದ್ದಕ್ಕೆ ಕಾರಿಗೆ ಓಡಿ ಹೋದವರ ವಿಷಯ ನೀವೇ ಯೋಚಿಸಿ.

ದುಡ್ಡಿಗೆ: ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನದ ಅವಕಾಶವಿದೆ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಮಾದರಿ ತಯಾರಿಗೆ 20 ಲಕ್ಷದವರೆಗೆ ಕೊಡುತ್ತಿದ್ದರು, ಈಗ ಅದು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಅಲ್ಲಿಯೂ ಆ ನಲವತ್ತು ತೋಟದ ಶೀಟೇ ನಿಮ್ಮ ಪರವಾಗಿ ಮಾತಾಡಬೇಕು.

ಪ್ರಶ್ನೆ: ನಾನು ಮೈಸೂರಿನ ಐಟಿ ಉದ್ಯೋಗಿ, ನಾಲ್ಕು ವರ್ಷದ ಅನುಭವ. ಪರಿಚಯದವರೊಬ್ಬರು ‘ಐಡಿಯಾ ನನ್ನದು, ಕೋಡ್ ನಿಮ್ಮದು, ಶೇ. 10 ಕೊಡುತ್ತೇನೆ’ ಎನ್ನುತ್ತಿದ್ದಾರೆ. ಸಂಬಳವಿಲ್ಲ. ಒಪ್ಪಬಹುದೇ?
— ಓದುಗಿ, ಮೈಸೂರು

ಉತ್ತರ: ಸಂಬಳವಿಲ್ಲದ ಕೆಲಸಕ್ಕೆ ಕೋ-ಫೌಂಡರ್ ಎಂಬ ಹೆಸರಿಟ್ಟಿದ್ದಾರೆ, ಅಷ್ಟೇ. ಅವರನ್ನು ಎರಡು ಮಾತು ಕೇಳಿ: ಇಲ್ಲಿಯವರೆಗೆ ಯಾರಾದರೂ ಇದಕ್ಕೆ ದುಡ್ಡು ಕೊಟ್ಟಿದ್ದಾರೆಯೇ? ನಿಮ್ಮ ಷೇರಿಗೂ ನಾಲ್ಕು ವರ್ಷದ ವೆಸ್ಟಿಂಗ್ ಒಪ್ಪುತ್ತೀರಾ? ಎರಡಕ್ಕೂ ಇಲ್ಲವೆಂದರೆ ಕಾಫಿ ಕುಡಿಸಿ ಕಳಿಸಿ.

ಹೌದೆಂದರೂ, ಸಹಿ ಹಾಕುವ ಮೊದಲು ನಿಮ್ಮ ನೇಮಕಾತಿ ಪತ್ರವನ್ನು ಹೊರತೆಗೆದು ಓದಿ. ಹೊರಗಿನ ಕೆಲಸ ನಿಷಿದ್ಧವೆಂದು ಬಹಳ ಕಂಪನಿಗಳ ಪತ್ರದಲ್ಲಿರುತ್ತದೆ. 2022ರಲ್ಲಿ ವಿಪ್ರೋ ಇದೇ ಕಾರಣಕ್ಕೆ 300 ಜನರನ್ನು ತೆಗೆದದ್ದು ನೆನಪಿರಬಹುದು. ನೌಕರಿಯಲ್ಲಿದ್ದಾಗ ಬರೆದದ್ದೆಲ್ಲ ಕಂಪನಿಯದು ಎಂಬ ಸಾಲೂ ಇರಬಹುದು. ಹಾಗಿದ್ದರೆ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲನ್ನೂ ಬರೆಯಬೇಡಿ. ನೋಟಿಸ್ ಅವಧಿ ಮೂರು ತಿಂಗಳಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿದು, ಆರೇಳು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿಟ್ಟ ಮೇಲೆ ರಾಜೀನಾಮೆಯ ಮಾತು.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಭಾರತದ್ದೇ ಪಾಸ್‌ಪೋರ್ಟ್. ತುಮಕೂರಿನ ಗೆಳೆಯನ ಕಂಪನಿಗೆ ಇಲ್ಲಿಂದಲೇ ಟೆಕ್ನಿಕಲ್ ಕೋ-ಫೌಂಡರ್ ಆಗಬಹುದೇ?
— ಓದುಗ, ಅಮೆರಿಕ

ಉತ್ತರ: ಷೇರುದಾರರಾಗಬಹುದು, ನಿರ್ದೇಶಕರೂ ಆಗಬಹುದು. ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿರುವ ಒಬ್ಬ ನಿರ್ದೇಶಕನಾದರೂ ಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ, ಆ ಜಾಗದಲ್ಲಿ ನಿಮ್ಮ ಗೆಳೆಯ ಇದ್ದಾರೆ. ಎನ್‌ಆರ್‌ಐ ಆಗಿ ಹಣವನ್ನು ಹೊರಕ್ಕೆ ಒಯ್ಯದ ಷರತ್ತಿನ ಮೇಲೆ ಹೂಡಿದರೆ ಅದನ್ನು ದೇಶೀ ಹೂಡಿಕೆಯಂತೆಯೇ ನೋಡುತ್ತಾರೆ, ಕಾಗದಪತ್ರದ ಕಾಟ ಕಡಿಮೆ. ಆದರೆ ನೀವಿರುವುದು ಎಚ್-1ಬಿ ವೀಸಾದಲ್ಲಾದರೆ ಕೋಡ್ ಬರೆಯಲು ಕೂರುವ ಮೊದಲು ಅಲ್ಲಿನ ವಲಸೆ ವಕೀಲರನ್ನು ಕೇಳಿ. ಆ ವೀಸಾ ಒಬ್ಬ ಉದ್ಯೋಗದಾತನಿಗೆ ಕಟ್ಟಿದ್ದು. ಗೆಳೆಯನ ಜೊತೆ ವಾರದಲ್ಲಿ ಎರಡು ದಿನವಾದರೂ ನಿಮ್ಮ ಬೆಳಿಗ್ಗೆ, ಅವರ ಸಂಜೆ ಒಂದು ಗಂಟೆ ಕೂತು ಮಾತಾಡುವ ಹೊತ್ತನ್ನು ಈಗಲೇ ಗೊತ್ತುಮಾಡಿಕೊಳ್ಳಿ.