ಸಂಪಾದಕರ ಉತ್ತರ: ಮಾಲಕರಿಲ್ಲದ ಸಾಲಿಯ ಲೆಕ್ಕ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರೂರಿನ ಕನ್ನಡ ಮಾಧ್ಯಮ ಶಾಲೆ ಒಂದು ನೋಂದಾಯಿತ ಸಂಘದ್ದು. 320 ಮಕ್ಕಳಿದ್ದಾರೆ, ಸರ್ಕಾರದ ಅನುದಾನವಿಲ್ಲ. ಈ ಸಲ ಇವರನ್ನು ಖಜಾಂಚಿ ಮಾಡಿದ್ದಾರೆ. ಪತ್ರದ ತಿರುಳು ಇದು:

"ಪಾಲಕರ ಸಭೆಯಲ್ಲಿ ಒಬ್ಬರು ಎದ್ದು ನಿಂತು, 'ಈ ಸಾಲಿ ಮಾಲಕರು ಯಾರ್ರಿ? ಅವರನ್ನ ಕರೀರಿ' ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಶಾಲೆ ಶುರುವಾದಾಗ ಹಣ ಹಾಕಿದ್ದ ಇಬ್ಬರು ಸದಸ್ಯರು ಈಗ ಬಡ್ಡಿ ಸಮೇತ ವಾಪಸ್ ಕೇಳುತ್ತಿದ್ದಾರೆ. ಬಜೆಟ್ ಹಾಳೆಯಲ್ಲಿ 9.72 ಲಕ್ಷ ಉಳಿತಾಯ ಕಾಣುತ್ತದೆ, ಆದರೆ ಅಕ್ಟೋಬರ್ ಸಂಬಳಕ್ಕೆ ಬ್ಯಾಂಕಿನಲ್ಲಿ ದುಡ್ಡಿಲ್ಲ. ದೇಣಿಗೆ ಎತ್ತಿ ಸಂಬಳ ಕೊಡೋಣವೇ? ಗುಳೆ ಹೋದವರ ಮಕ್ಕಳ ಫೀ ಹೇಗೆ ಕೇಳುವುದು?"

ಬಜೆಟ್ ಹಾಳೆಯ ಪ್ರತಿಯನ್ನೂ ಕಳಿಸಿದ್ದಾರೆ. ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇವೆ.

ಮೊದಲು ಆ ಪಾಲಕರ ಪ್ರಶ್ನೆ. ನಿಮ್ಮ ಶಾಲೆಗೆ ಮಾಲಕರಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿ ಸಂಘ ಕಟ್ಟಬಹುದು. ಆದರೆ ಕಟ್ಟಿದವರಿಗೆ ಅದರಲ್ಲಿ ಪಾಲಿಲ್ಲ. ನಾಳೆ ಸಂಘ ಮುಚ್ಚಿದರೂ ಸಾಲ ತೀರಿಸಿ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆಯಾಗುವುದಿಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಶಾಲೆ ಸಂಘದ್ದು, ಸಂಘ ನಡೆಯುವುದು ಸರ್ವಸದಸ್ಯರ ಸಭೆಯ ಮಾತಿನಂತೆ, ಆ ಸಭೆ ಆರಿಸಿದ ಆಡಳಿತ ಮಂಡಳಿ ದಿನದ ಹೊಣೆ ಹೊರುತ್ತದೆ. ಪಾಲಕರಿಗೆ ಹೀಗೆ ಹೇಳಿ: "ಮಾಲಕರು ಇಲ್ಲರಿ, ಹೊಣೆಗಾರರು ಇದ್ದೀವಿ, ಇವು ನಮ್ಮ ಹೆಸರು." ಹೇಳಿದ ಮೇಲೆ ಆ ಹೆಸರುಗಳನ್ನು ಶಾಲೆಯ ಗೋಡೆಗೆ ಹಾಕಿ.

ಲಾಭಕ್ಕಲ್ಲದ ಶಾಲೆ ಎಂದರೆ ವರ್ಷದ ಕೊನೆಗೆ ಒಂದು ರೂಪಾಯಿಯೂ ಉಳಿಯಬಾರದು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ನಮ್ಮ ರಾಜ್ಯದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಅನುದಾನರಹಿತ ಸಂಸ್ಥೆ ತನ್ನ ಬೆಳವಣಿಗೆಗೆ ಬೇಕಾದಷ್ಟು ನ್ಯಾಯವಾದ ಉಳಿತಾಯ ಮಾಡಿಕೊಳ್ಳಬಹುದು, ಲಾಭಕೋರತನ ಮತ್ತು ಕ್ಯಾಪಿಟೇಷನ್ ಶುಲ್ಕ (ಸೀಟು ಕೊಡಲು ಫೀ ಮೀರಿ ಕೇಳುವ ಹಣ) ಕೂಡದು. ಉಳಿದದ್ದು ಶಾಲೆಯ ಗೇಟು ದಾಟಿ ಯಾರ ಜೇಬಿಗೂ ಹೋಗಬಾರದು, ಅಷ್ಟೇ.

ಟ್ರಸ್ಟ್ ಮಾಡಿಕೊಂಡಿದ್ದರೆ ಚೆನ್ನಾಗಿತ್ತೇ ಎಂದೂ ಕೇಳಿದ್ದೀರಿ. ಟ್ರಸ್ಟ್‌ನಲ್ಲಿ ಸರ್ವಸದಸ್ಯರ ಸಭೆ ಇರುವುದಿಲ್ಲ. ಸಾಮಾನ್ಯವಾಗಿ ಟ್ರಸ್ಟಿಗಳೇ ಮುಂದಿನ ಟ್ರಸ್ಟಿಗಳನ್ನು ಆರಿಸುತ್ತಾರೆ. ನಿರ್ಧಾರ ಬೇಗ ಆಗುತ್ತದೆ ನಿಜ, ಆದರೆ ಎರಡು ತಲೆಮಾರಿನಲ್ಲಿ ಒಂದೇ ಮನೆಯವರ ಕೈಗೆ ಹೋಗುವ ದಾರಿಯೂ ಅದೇ. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘ 1916ರಲ್ಲಿ ಹುಟ್ಟಿ ಶತಮಾನ ದಾಟಿರುವುದು ಸಂಘದ ರೂಪದಲ್ಲೇ. ಸಂಘವಾಗಿಯೇ ಇರಿ. ಆದರೆ ಸದಸ್ಯತ್ವದ ಬಾಗಿಲು ಮುಚ್ಚಿಡಬೇಡಿ. ಏಳೇ ಜನ ಇದ್ದಲ್ಲಿ ಇಬ್ಬರು ತೀರಿಕೊಂಡು ಒಬ್ಬರು ಊರು ಬಿಟ್ಟರೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಆಗುವುದಿಲ್ಲ. ಚೆಕ್‌ಗೆ ಸಹಿ ಮಾಡುವವರನ್ನು ಬದಲಿಸಲು ಠರಾವು ಬೇಕು, ಠರಾವಿಗೆ ಸಭೆ ಬೇಕು, ಸಭೆಗೆ ಕೋರಂ ಬೇಕು. ಅಷ್ಟರಲ್ಲಿ ಬ್ಯಾಂಕು ಖಾತೆ ತಡೆಹಿಡಿದರೆ ಶಿಕ್ಷಕರ ಮನೆಯ ಒಲೆ ಆರುತ್ತದೆ. ಇಪ್ಪತ್ತೈದು ಮೂವತ್ತು ಸದಸ್ಯರಾದರೂ ಇರಲಿ. ಹಳೆಯ ವಿದ್ಯಾರ್ಥಿಗಳು, ಪಾಲಕರು, ಅದರಲ್ಲೂ ಹೆಣ್ಣುಮಕ್ಕಳು ಬರಲಿ. ಮಂಡಳಿಯ ಮೂರನೇ ಒಂದು ಭಾಗದವರು ಸರದಿಯಂತೆ ಪ್ರತಿವರ್ಷ ನಿವೃತ್ತರಾಗುವಂತೆ ಬೈಲಾ ತಿದ್ದಿಕೊಳ್ಳಿ. ವಾರ್ಷಿಕ ಸಭೆಯಾದ 14 ದಿನದೊಳಗೆ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ನಾಲ್ಕೈದು ವರ್ಷ ಬಿಟ್ಟವರಿಗೆ ಕಷ್ಟ ಗೊತ್ತಾಗುವುದು ಜಗಳ ಬಂದಾಗ. ಒಟ್ಟು ಸದಸ್ಯರಲ್ಲಿ ಮೂರನೇ ಒಂದರಷ್ಟು ಜನ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು, ಆಗ ತೋರಿಸಲು ಕಾಗದವೇ ಇರುವುದಿಲ್ಲ.

ಇನ್ನು ಆ ಇಬ್ಬರ ಹಣ. ಇದಕ್ಕೆ ಉತ್ತರ ಅವರ ನೆನಪಿನಲ್ಲೂ ಇಲ್ಲ, ನಿಮ್ಮ ಮುಲಾಜಿನಲ್ಲೂ ಇಲ್ಲ. ಆ ವರ್ಷದ ರಸೀದಿ ಪುಸ್ತಕ ಮತ್ತು ಆಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ತೆಗೆಸಿ. ರಸೀದಿಯಲ್ಲಿ 'ದೇಣಿಗೆ' ಎಂದಿದ್ದರೆ ಅದು ಸಂಘದ್ದಾಯಿತು, ಒಂದು ಪೈಸೆಯನ್ನೂ ಮರಳಿಸುವಂತಿಲ್ಲ. 'ಸಾಲ' ಎಂದು ಆಢಾವೆಯಲ್ಲಿ ವರ್ಷವರ್ಷವೂ ಬಂದಿದ್ದರೆ ಮರಳಿಸಬಹುದು, ಮರಳಿಸಬೇಕು ಕೂಡ. ಬಡ್ಡಿ ಕೊಡುವುದಾದರೆ ಮೊದಲೇ ಬರೆದುಕೊಂಡ ಕರಾರು ಇರಬೇಕು, ದರ ಬ್ಯಾಂಕಿನ ದರ ಮೀರಬಾರದು. ಹಣ ಹಾಕಿದ ಸಂಸ್ಥಾಪಕರಿಗೆ ಹೆಚ್ಚಿನ ಬಡ್ಡಿ ಕೊಟ್ಟರೆ ಆದಾಯ ತೆರಿಗೆಯವರು ಅದನ್ನು ಒಳಗಿನವರಿಗೆ ಮಾಡಿಕೊಟ್ಟ ಲಾಭ ಎಂದು ಎಣಿಸುತ್ತಾರೆ, ವಿನಾಯಿತಿಗೇ ಕುತ್ತು ಬರುತ್ತದೆ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ಪಡೆಯುವಂತೆಯೂ ಇಲ್ಲ, ತೀರಿಸುವಂತೆಯೂ ಇಲ್ಲ. ಬ್ಯಾಂಕಿನ ಮೂಲಕವೇ ಆಗಬೇಕು.

ಈ ವಿಷಯ ಮಂಡಳಿಯ ಮುಂದೆ ಬಂದ ದಿನ ಆ ಇಬ್ಬರೂ ಹೊರಗೆ ಕೂರಬೇಕು. ಅದು ನಡಾವಳಿಯಲ್ಲಿ ಕಾಣಬೇಕು. ನೀವು ಕಳಿಸಿದ ನಡಾವಳಿ ಪುಟದಲ್ಲಿ "ಲೆಕ್ಕಪತ್ರ ಓದಿ ಹೇಳಲಾಯಿತು, ಸರ್ವಾನುಮತದಿಂದ ಒಪ್ಪಲಾಯಿತು" ಎಂದಷ್ಟೇ ಇದೆ, ಕೆಳಗೆ ಅರ್ಧ ಪುಟ ಖಾಲಿ. ಆ ಖಾಲಿ ಜಾಗ ಅಪಾಯದ ಜಾಗ. ನಾಳೆ ಅಲ್ಲಿ ಯಾರು ಏನು ಬೇಕಾದರೂ ಸೇರಿಸಬಹುದು. ಬರೆಯಬೇಕಾದದ್ದು ಹೀಗೆ: ಠರಾವಿನ ಸಂಖ್ಯೆ, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಸೂಚಕರು, ಅನುಮೋದಕರು, ಚರ್ಚೆಯ ಹೊತ್ತಿಗೆ ಹೊರಗೆ ಹೋದವರ ಹೆಸರು, ವಿರೋಧಿಸಿದವರಿದ್ದರೆ ಅವರ ಹೆಸರು. ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು ಅಧ್ಯಕ್ಷರ ಸಹಿ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರಬೇಕು. ಬಿಡಿ ಹಾಳೆ ಅಂಟಿಸಬಾರದು.

ಅಧ್ಯಕ್ಷರ ಕಟ್ಟಡಕ್ಕೆ ಶಾಲೆ ಬಾಡಿಗೆ ಕೊಡುತ್ತಿದೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಮಗೆ ಹೆಚ್ಚು ಕಳವಳವಾದದ್ದು ಅದೇ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿಯಾಗಬೇಕು, ಬಾಡಿಗೆ ಅಕ್ಕಪಕ್ಕದ ದರಕ್ಕಿಂತ ಹೆಚ್ಚಿರಬಾರದು. ಗುತ್ತಿಗೆ ಪತ್ರವೇ ಇಲ್ಲದಿದ್ದರೆ ಅವರ ಕಾಲಾನಂತರ ಮಕ್ಕಳು ಬಂದು ಕೀಲಿ ಕೇಳಿದ ದಿನ ನಿಮ್ಮ 320 ಮಕ್ಕಳು ಎಲ್ಲಿ ಕೂರಬೇಕು? ಅಧ್ಯಕ್ಷರು ಗಟ್ಟಿ ಇರುವಾಗಲೇ, ಪ್ರೀತಿ ಇರುವಾಗಲೇ, ದೀರ್ಘಾವಧಿಯ ಗುತ್ತಿಗೆ ಬರೆಸಿಕೊಳ್ಳಿ.

ಈಗ ಬಜೆಟ್ ಹಾಳೆ. 320 ಮಕ್ಕಳು, ತಲಾ 18,000 ರೂಪಾಯಿ, ಒಟ್ಟು 57.60 ಲಕ್ಷ ಎಂದು ಬರೆದಿದ್ದೀರಿ. ಖರ್ಚಿನಲ್ಲಿ 15 ಶಿಕ್ಷಕರಿಗೆ ತಲಾ 15,000ದಂತೆ ವರ್ಷಕ್ಕೆ 27 ಲಕ್ಷ, ಮುಖ್ಯಶಿಕ್ಷಕರಿಗೆ 3 ಲಕ್ಷ, ಆಯಾ, ಕಾವಲುಗಾರ, ಕಚೇರಿಯವರು ಸೇರಿ ಆರು ಜನಕ್ಕೆ 7.20 ಲಕ್ಷ. ಸಂಬಳವೇ 37.20 ಲಕ್ಷ. ಪಿಎಫ್‌ಗೆ ಸಂಸ್ಥೆಯ ಪಾಲು, ಆಡಳಿತ ವೆಚ್ಚ ಮತ್ತು ವಿಮೆ ಸೇರಿ ಶೇ. 13, ತಲಾ 15,000ದ ಮಿತಿ ಹಿಡಿದು 4.68 ಲಕ್ಷ. ಕರೆಂಟು, ದುರಸ್ತಿ, ಪರೀಕ್ಷೆ, ಬಾಡಿಗೆ ಎಲ್ಲ ಸೇರಿ 6 ಲಕ್ಷ. ಒಟ್ಟು 47.88. ಕೂಡಿಸಿದ್ದು ಸರಿ ಇದೆ, 9.72 ಉಳಿಯುತ್ತದೆ. ಆದರೆ ಹಾಳೆಯಲ್ಲಿ ಮೂರು ಬಿಟ್ಟುಹೋಗಿವೆ.

ಒಂದು, 20 ಮಕ್ಕಳಿಗೆ ಪೂರ್ತಿ ಉಚಿತ ಎಂದು ನೀವೇ ಬರೆದಿದ್ದೀರಿ. ಅಲ್ಲಿಗೆ 3.60 ಲಕ್ಷ ಹೋಯಿತು, ಬರಬೇಕಾದ್ದು 54 ಲಕ್ಷ. ಇನ್ನೊಂದು, ನಿಮ್ಮ ವಸೂಲಿ ಶೇ. 90, ಅಂದರೆ 48.60 ಲಕ್ಷ. ಮೂರನೆಯದು ಗ್ರಾಚ್ಯುಟಿ, ಅಂದರೆ ಸೇವೆ ಮುಗಿಸಿ ಹೋಗುವಾಗ ಕೊಡಬೇಕಾದ ಇಡಿಗಂಟು. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂಬ 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ, ಅದೂ 1997ರ ಏಪ್ರಿಲ್ 3ರಿಂದ ಅನ್ವಯಿಸುವಂತೆ. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ನಿಮ್ಮ ಸಂಬಳದ ಮೇಲೆ ವರ್ಷಕ್ಕೆ ಸುಮಾರು 1.79 ಲಕ್ಷ ತೆಗೆದಿಡಬೇಕು. ತೆಗೆದಿಡದಿದ್ದರೆ ಇಪ್ಪತ್ತು ವರ್ಷ ದುಡಿದ ಅಕ್ಕೋರು ನಿವೃತ್ತರಾದ ವರ್ಷ ಶಾಲೆಯೇ ಅಲುಗಾಡುತ್ತದೆ. ಖರ್ಚು 49.67 ಲಕ್ಷವಾಯಿತು. 9.72 ಲಕ್ಷದ ಉಳಿತಾಯ ಎಂದುಕೊಂಡದ್ದು 1.07 ಲಕ್ಷದ ಕೊರತೆ.

ಅಕ್ಟೋಬರ್‌ನಲ್ಲೇ ಏಕೆ ನಿಂತಿತು ಎಂಬುದೂ ಇದೇ ಹಾಳೆಯಲ್ಲಿದೆ. ಜೂನ್‌ನಲ್ಲಿ ನಿಮಗೆ ಬಂದದ್ದು ಸುಮಾರು 16 ಲಕ್ಷ. ಸಂಬಳ, ಪಿಎಫ್ ಸೇರಿ ತಿಂಗಳಿಗೆ 3.49 ಲಕ್ಷ, ಇತರ ಖರ್ಚು 50 ಸಾವಿರ. ನಾಲ್ಕೇ ತಿಂಗಳು. ಸೆಪ್ಟೆಂಬರ್‌ಗೆ ಮುಗಿಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಊರಿನಲ್ಲಿ ಆಗ ಯಾರ ಕೈಯಲ್ಲೂ ದುಡ್ಡಿರುವುದಿಲ್ಲ, ಇದ್ದದ್ದೆಲ್ಲ ನಾಟಿ, ಗೊಬ್ಬರ, ಔಷಧಿಗೆ ಹೋಗಿರುತ್ತದೆ. ಭತ್ತ ಕೊಯ್ದು ದುಡ್ಡು ಕಾಣುವುದು ಡಿಸೆಂಬರ್‌ಗೆ. ಆದ್ದರಿಂದ ಆಗಸ್ಟ್‌ನಲ್ಲಿ ಎರಡನೇ ಕಂತು ಕೇಳುವುದನ್ನು ನಿಲ್ಲಿಸಿ. ಜೂನ್‌ನಲ್ಲಿ ಶೇ. 30, ಡಿಸೆಂಬರ್‌ನಲ್ಲಿ 50, ಉಳಿದ 20 ಫೆಬ್ರವರಿ ಒಳಗೆ. ಎರಡನೇ ಬೆಳೆಯನ್ನು ನಂಬಿ ಕಂತು ಇಡಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನೀರು ಉಳಿಯುತ್ತದೋ ಇಲ್ಲವೋ ಎಂದು ಊರೂರೇ ಉಸಿರು ಬಿಗಿಹಿಡಿದದ್ದು ನಿಮಗೆ ಗೊತ್ತು. ಈ ಕಂತಿನ ಪ್ರಕಾರ, ಜೂನ್ ಕಂತಿನ 16.20 ಲಕ್ಷ ಪೂರ್ತಿ ಬಂದರೂ, ಜೂನ್‌ನಿಂದ ನವೆಂಬರ್‌ವರೆಗೆ 7.74 ಲಕ್ಷ ಕಡಿಮೆ ಬೀಳುತ್ತದೆ. ಮೂರು ತಿಂಗಳ ಸಂಬಳದಷ್ಟು, ಅಂದರೆ ಹತ್ತೂವರೆ ಲಕ್ಷ ಮೀಸಲು ಇರಬೇಕು ಎನ್ನುವುದು ಇದಕ್ಕೇ. ಒಂದೇ ವರ್ಷಕ್ಕೆ ಆಗದು. ವರ್ಷಕ್ಕೆ ಎರಡು ಲಕ್ಷ ಸೇರಿಸುತ್ತ ಹೋಗಿ. ಕೊರತೆಯನ್ನೂ ಇದನ್ನೂ ಫೀಯಿಂದಲೇ ತುಂಬುವುದಾದರೆ ಪ್ರತಿ ಮಗುವಿಗೆ ಸುಮಾರು 1,140 ರೂಪಾಯಿ ಏರಿಸಬೇಕಾಗುತ್ತದೆ. ಅದಕ್ಕೂ ಮೊದಲು ವಸೂಲಿ ನೋಡಿ. ಶೇ. 90 ಇದ್ದದ್ದು 94 ಆದರೆ 2.16 ಲಕ್ಷ ಬರುತ್ತದೆ. ಮಗುವಾರು ಡಿಸಿಬಿ ರಿಜಿಸ್ಟರ್ ಇಟ್ಟು, ಬೇಡಿಕೆ, ವಸೂಲಿ, ಬಾಕಿ ಮೂರನ್ನೂ ತಿಂಗಳಿಗೊಮ್ಮೆ ಮಂಡಳಿಯ ಮುಂದಿಡಿ. ಖಜಾಂಚಿಯ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ದೇಣಿಗೆಯಿಂದ ಸಂಬಳ ಕೊಡಬೇಡಿ. ದೇಣಿಗೆ ಒಂದು ಸಲ ಬರುವ ಹಣ, ಸಂಬಳ ತಿಂಗಳು ತಿಂಗಳೂ ಹೋಗುವ ಹಣ. ಕೊಠಡಿ, ಬೆಂಚು, ಗ್ರಂಥಾಲಯ, ಉಚಿತ ಮಕ್ಕಳ ಫೀ, ಇವಕ್ಕೆ ದೇಣಿಗೆ ಕೇಳಿ. ಕೊಡುವವರಿಗೂ ಅದು ಕಣ್ಣಿಗೆ ಕಾಣುತ್ತದೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಪ್ರಮಾಣಪತ್ರ ಇದ್ದರೂ ನಗದಿನಲ್ಲಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೆ ಕೊಟ್ಟರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ. ಕೊಟ್ಟವರ ಹೆಸರು, ವಿಳಾಸ ಇಲ್ಲದೆ ರಸೀದಿ ಹರಿಯಬೇಡಿ. ತೋರಣಗಲ್ಲು, ಗಿಣಿಗೇರಿ ಕಡೆಯ ಕಾರ್ಖಾನೆಗಳ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬೇಕೆಂದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ ಮತ್ತು 80ಜಿ ನೋಂದಣಿ, ಸಿಎಸ್‌ಆರ್-1 ನೋಂದಣಿ ಸಂಖ್ಯೆ, ಮೂರು ವರ್ಷದ ಕೆಲಸದ ದಾಖಲೆ ಬೇಕು. ಕಂಪ್ಯೂಟರ್ ಕೊಠಡಿ ಕೊಟ್ಟರೆ ಅದರ ಕರೆಂಟು, ದುರಸ್ತಿ ಯಾರದು ಎಂದು ಒಪ್ಪಂದದಲ್ಲೇ ಬರೆಸಿ. 12ಎ ಪಡೆದ ಮೇಲೆ ವರ್ಷದ ಆದಾಯದ ಶೇ. 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ನಿಮ್ಮಂಥ ಶಾಲೆಗೆ ಅದು ಕಷ್ಟವಲ್ಲ, ತೊಂದರೆಯಾಗುವುದು ಲೆಕ್ಕಪರಿಶೋಧನಾ ವರದಿ ತಡವಾದಾಗ. ಜುಲೈಯಲ್ಲೇ ಪುಸ್ತಕಗಳನ್ನು ಆಡಿಟರ್‌ಗೆ ಒಪ್ಪಿಸಿ.

ಕೊನೆಗೆ ಗುಳೆ. ಬೆಂಗಳೂರಿಗೆ ದುಡಿಯಲು ಹೋದ ಮನೆಯ ಮಕ್ಕಳು ಅಜ್ಜಿಯ ಹತ್ತಿರ ಇರುತ್ತಾರೆ. ಅಜ್ಜಿಯ ಕೈಗೆ ಬಾಕಿ ಚೀಟಿ ಕೊಟ್ಟು ಪ್ರಯೋಜನವಿಲ್ಲ, ಮಗುವನ್ನು ತರಗತಿಯಲ್ಲಿ ನಿಲ್ಲಿಸಿ ಕೇಳುವುದಂತೂ ಕೂಡಲೇಕೂಡದು. ತಂದೆತಾಯಿ ಹೊರಡುವ ಮುನ್ನ ಅವರ ಫೋನ್ ನಂಬರ್ ಬರೆದುಕೊಂಡು, ತಿಂಗಳಿಗೆ ಇಷ್ಟು ಎಂದು ಮಾತಾಡಿ, ಶಾಲೆಯ ಖಾತೆಯ ಯುಪಿಐ ಕೊಡಿ. ಶಿಕ್ಷಕರ ಅಥವಾ ಖಜಾಂಚಿಯ ಸ್ವಂತ ನಂಬರ್ ಕೊಡಬೇಡಿ. ಬನ್ನಿ ಹಬ್ಬಕ್ಕೋ ಊರ ಜಾತ್ರೆಗೋ ಅವರು ಬಂದ ದಿನ ಕಚೇರಿ ರಜೆ ಇರದಂತೆ ನೋಡಿಕೊಳ್ಳಿ. ಕೊಡಲಾಗದವರ ಅರ್ಜಿಯನ್ನು ಮೂವರ ಉಪಸಮಿತಿ ನೋಡಲಿ, ರಿಯಾಯಿತಿಯ ಠರಾವಿನಲ್ಲಿ ಮಗುವಿನ ಹೆಸರಿನ ಬದಲು ದಾಖಲಾತಿ ಸಂಖ್ಯೆ ಬರೆಯಿರಿ.