ಸ್ಪೈಡರ್‌ಮ್ಯಾನ್ ಬಲೆ ಮಣಿಕಟ್ಟಿನಿಂದಲೇ ಬಂದದ್ದು ಯಾಕೆ?

1962ರ ಕಾಮಿಕ್ಸ್‌ನಲ್ಲಿ ಪೀಟರ್ ಪಾರ್ಕರ್ (ಸ್ಪೈಡರ್‌ಮ್ಯಾನ್‌ನ ನಿಜ ಹೆಸರು) ಬಲೆ ಹಾರಿಸೋ ಸಾಧನವನ್ನ ತಾನೇ ಮಾಡ್ಕೊಳ್ತಾನೆ, 2002ರ ಸಿನಿಮಾದಲ್ಲಿ ಅದನ್ನ ಯಾಕೆ ತೆಗೆದರು ಅಂತ ಕೇಳಿದ್ದೀರಿ. ಸಾಧನ ಬೇಡ, ಬಲೆ ಅವನ ಮೈಯಿಂದಲೇ ಬರಲಿ ಅನ್ನೋ ಯೋಚನೆ ಮೂಲದಲ್ಲಿ ನಿರ್ದೇಶಕ ಸ್ಯಾಮ್ ರೈಮಿಯದ್ದಲ್ಲ. ತೊಂಬತ್ತರ ದಶಕದಲ್ಲಿ ಇನ್ನೊಬ್ಬ ನಿರ್ದೇಶಕ ಜೇಮ್ಸ್ ಕ್ಯಾಮೆರಾನ್ ಸ್ಪೈಡರ್‌ಮ್ಯಾನ್ ಸಿನಿಮಾಗೆ ಬರೆದಿಟ್ಟ ಕರಡಿನಲ್ಲೇ ಇತ್ತು. ಕೈಯಲ್ಲಿ ಕಾಸಿಲ್ಲದ ಹೈಸ್ಕೂಲ್ ಹುಡುಗ, ದೊಡ್ಡ ಕಂಪನಿಗಳಿಗೂ ಆಗದ ಅಂಟನ್ನ ಕೋಣೆಯಲ್ಲಿ ಕೂತು ತಯಾರಿಸಿದ ಅನ್ನೋದನ್ನ ಪುಟದ ಮೇಲೆ ಎರಡು ಚೌಕದಲ್ಲಿ ದಾಟಿಸಬಹುದು. ಪರದೆ ಮೇಲೆ ಕಷ್ಟ. ಜೇಡ ಕಚ್ಚಿತು, ಎಲ್ಲ ಶಕ್ತಿಯೂ ಅಲ್ಲಿಂದಲೇ ಬಂತು ಅಂದರೆ ಪ್ರೇಕ್ಷಕ ಒಂದೇ ಸುಳ್ಳು ನುಂಗಿದರೆ ಸಾಕು.

ನಷ್ಟವೂ ಆಯ್ತು ಅನ್ನಿ. ಹೊಡೆದಾಟದ ನಡುವೆ ಬಲೆಯ ದ್ರವ ಖಾಲಿಯಾಗೋದೇ ಕಾಮಿಕ್ಸ್‌ನ ಮಜಾ. ಅವನ ತಲೆ ಎಷ್ಟು ಚುರುಕು ಅನ್ನೋದಕ್ಕೂ ಅದೇ ಸಾಕ್ಷಿ. ಆದರೆ 2004ರ ಎರಡನೇ ಭಾಗ ನೋಡಿ: ಮನಸ್ಸು ಕುಸಿದಾಗ ಬಲೆಯೂ ಕೈಕೊಡುತ್ತೆ. ಪಾಪ, ವೇಷ ಹಾಕ್ಕೊಂಡೇ ಲಿಫ್ಟ್‌ನಲ್ಲಿ ಇಳೀತಾನೆ, ಪಕ್ಕದಲ್ಲಿ ನಿಂತವನು ಬಟ್ಟೆ ಚೆನ್ನಾಗಿದೆ ಅಂತಾನೆ! ಬರೀ ಯಂತ್ರ ಕೆಟ್ಟಿದ್ದರೆ ಆ ದೃಶ್ಯಕ್ಕೆ ಇಷ್ಟು ತೂಕ ಬರ್ತಿರಲಿಲ್ಲ.

2012ರಲ್ಲಿ ಬೇರೆ ತಂಡ ಸಾಧನವನ್ನೇ ವಾಪಸ್ ತಂತು. ನನ್ನ ಮತ ಮಾತ್ರ ರೈಮಿಗೆ.